ತಲೆಸುತ್ತನ್ನು ಹೇಳಲು ಮಾತು ಸಾಲದಾಗ: ಮರೆವಿನ ಕಾಯಿಲೆಯಿರುವ ತಂದೆಯೊಬ್ಬರ ಪ್ರಕರಣ

ತಂದೆಗೆ 81 ವರ್ಷ. ಅಲ್ಝೈಮರ್ ಎಂದು ಗುರುತಾಗಿ ಮೂರು ವರ್ಷವಾಗಿದೆ. ತಮ್ಮ ಹೆಸರು, ಮನೆ, ಮಗಳ ಮುಖ ಗೊತ್ತು; ಹತ್ತು ನಿಮಿಷದ ಹಿಂದೆ ಏನಾಯಿತು ಎಂಬುದು ಗೊತ್ತಿಲ್ಲ. ಹದಿನಾಲ್ಕು ತಿಂಗಳಿಂದ ತಲೆಸುತ್ತು. ಅಷ್ಟರಲ್ಲಿ ಎರಡು ಸಲ ಬಿದ್ದಿದ್ದಾರೆ: ಒಮ್ಮೆ ನಸುಕಿನ ಮೂರು ಗಂಟೆಗೆ ಶೌಚಾಲಯಕ್ಕೆ ಹೊರಟಾಗ, ಇನ್ನೊಮ್ಮೆ ಮಧ್ಯಾಹ್ನ ಊಟ ಮುಗಿಸಿ ಎದ್ದಾಗ. ಮೂಳೆ ಮುರಿಯಲಿಲ್ಲ, ಆದರೆ ಎರಡನೆಯ ಸಲ ಬಿದ್ದ ಮೇಲೆ ಕುರ್ಚಿಯಿಂದ ಏಳುವುದಕ್ಕೇ ಒಪ್ಪುತ್ತಿಲ್ಲ. ನೋಡಿಕೊಳ್ಳುವವರು ಮಗಳು ಮತ್ತು ಅಳಿಯ. ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡತವಲ್ಲ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಪ್ರಕರಣ.

ಮೊದಲ ಭೇಟಿಯ ಹೊತ್ತಿಗೆ ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳು ಹೀಗಿದ್ದವು. ಬೆಳಗ್ಗೆ ಬಿ.ಪಿ.ಗೆ ಟೆಲ್ಮಿಸಾರ್ಟನ್ 40 ಎಂ.ಜಿ. ಮತ್ತು ಹೈಡ್ರೋಕ್ಲೋರೋಥಯಝೈಡ್ 12.5 ಎಂ.ಜಿ. ಸೇರಿದ ಒಂದು ಮಾತ್ರೆ, ಜೊತೆಗೆ ಮೆಟೊಪ್ರೊಲಾಲ್ 50 ಎಂ.ಜಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಎಂ.ಜಿ. ಎರಡು ಹೊತ್ತು. ರಾತ್ರಿ ಮೂರು: ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ 0.4 ಎಂ.ಜಿ., ಮರೆವಿಗೆ ಡೊನೆಪೆಝಿಲ್ 10 ಎಂ.ಜಿ., ನಿದ್ದೆಗೆ ಕ್ಲೊನಾಝೆಪಾಮ್ 0.5 ಎಂ.ಜಿ. ಇವುಗಳ ಮೇಲೆ ತಲೆಸುತ್ತಿಗೆಂದು ಸಿನ್ನರಿಝಿನ್ 25 ಎಂ.ಜಿ. ದಿನಕ್ಕೆ ಮೂರು ಸಲ, ಎಂಟು ತಿಂಗಳಿಂದ. ಅದನ್ನು ಶುರು ಮಾಡಿದ ಮೇಲೆ ತಲೆಸುತ್ತು ಕಡಿಮೆಯಾಯಿತೇ ಎಂದು ಕೇಳಿದರೆ ಮಗಳಿಗೆ ಉತ್ತರ ಹೇಳಲಾಗಲಿಲ್ಲ. ಆದರೆ ತಂದೆಯ ನಡಿಗೆ ನಿಧಾನವಾದದ್ದು, ಹಗಲಿಡೀ ತೂಕಡಿಸುವುದು ಹೆಚ್ಚಾದದ್ದು ಆಮೇಲೆಯೇ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ನೆನಪಿತ್ತು.

ಮಾತನ್ನಲ್ಲ, ಗಡಿಯಾರವನ್ನು ನಂಬಬೇಕು

ತಲೆಸುತ್ತು ಎಂಬ ಒಂದೇ ಪದದಡಿ ಕನಿಷ್ಠ ಮೂರು ಬೇರೆ ಬೇರೆ ಅನುಭವಗಳಿವೆ. ಸುತ್ತಲಿನದೆಲ್ಲ ಗಿರ್ರನೆ ತಿರುಗುವುದು ಒಂದು. ಕಣ್ಣು ಕತ್ತಲೆ ಕಟ್ಟಿ ಬೀಳುವ ಹಾಗಾಗುವುದು ಇನ್ನೊಂದು. ತಲೆಗೇನೂ ಆಗದೆ, ಕಾಲು ಮಾತ್ರ ನಿಲ್ಲದೆ ತೂರಾಡುವುದು ಮೂರನೆಯದು. ನೆನಪು ಸರಿಯಿರುವವರೇ ಇವುಗಳ ನಡುವಿನ ವ್ಯತ್ಯಾಸವನ್ನು ಸ್ಥಿರವಾಗಿ ಹೇಳಲಾರರು. ಹತ್ತು ನಿಮಿಷ ಬಿಟ್ಟು ಕೇಳಿದರೆ ಉತ್ತರ ಬದಲಾಗುತ್ತದೆ. ಈ ತಂದೆ ಒಂದೇ ದಿನ “ತಲೆ ಭಾರ”, “ಮನೆ ತೇಲ್ತಿದೆ”, “ಯಾರೋ ತಳ್ಳಿದ್ರು” ಎಂದು ಮೂರೂ ಹೇಳಿದ್ದರು. ಕೊನೆಯ ಮಾತನ್ನು ಮನೆಯವರು ಭ್ರಮೆ ಎಂದುಕೊಂಡು ಗಾಬರಿಯಾಗಿದ್ದರು. ಸಮತೋಲ ತಪ್ಪಿದ ದೇಹ ಅದಕ್ಕೊಂದು ಕಾರಣ ಹುಡುಕಿಕೊಂಡದ್ದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಆದ್ದರಿಂದ “ಹೇಗನ್ನಿಸ್ತಿದೆ?” ಎಂದು ಕೇಳುವುದನ್ನು ಬಿಟ್ಟು, ಪ್ರತಿ ಸಲಕ್ಕೂ ಐದು ಸಂಗತಿ ಬರೆಯಲು ಮಗಳಿಗೆ ಹೇಳಲಾಯಿತು: ಗಂಟೆ ಎಷ್ಟು, ಅದಕ್ಕೆ ಒಂದು ನಿಮಿಷ ಮುಂಚೆ ದೇಹ ಯಾವ ಭಂಗಿಯಿಂದ ಯಾವ ಭಂಗಿಗೆ ಹೋಯಿತು, ಎಷ್ಟು ಸೆಕೆಂಡ್ ಅಥವಾ ನಿಮಿಷ ಇತ್ತು, ಮುಖ, ಕಣ್ಣು, ಕೈ ಹೇಗಿದ್ದವು, ಊಟ ಮತ್ತು ಮಾತ್ರೆ ಆಗಿ ಎಷ್ಟು ಹೊತ್ತಾಗಿತ್ತು. ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಗುರುತುಗಳಿವೆ. ನಡೆಯುತ್ತ ನಡೆಯುತ್ತ ತಟ್ಟನೆ ನಿಲ್ಲುವುದು, ಗೋಡೆ ತಡವುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮಾತಾಡುತ್ತಿದ್ದವರು ಸುಮ್ಮನಾಗುವುದು, ಮುಖ ಬಿಳಿಚುವುದು, ಹಣೆಯಲ್ಲಿ ಬೆವರು, ಸ್ನಾನಕ್ಕೆ ಕರೆದರೆ ಸಿಡುಕುವುದು. ಸಿಡುಕಿನ ಹಿಂದೆ ಎಷ್ಟೋ ಸಲ ಬೀಳುವ ಭಯವಿರುತ್ತದೆ. ಹಟವೆಂದು ತಿಳಿದು ಎಳೆದರೆ ಅದು ಇನ್ನೂ ಹೆಚ್ಚುತ್ತದೆ.

ಹನ್ನೆರಡು ದಿನದಲ್ಲಿ 31 ಸಲ ದಾಖಲಾಯಿತು. 13 ಸಲ ಎದ್ದು ನಿಂತ ಮೂರು ನಿಮಿಷದೊಳಗೆ. 7 ಸಲ ಹಾಸಿಗೆಯಲ್ಲೇ: ಮಲಗುವಾಗ ಅಥವಾ ಬಲಕ್ಕೆ ಹೊರಳುವಾಗ. 6 ಸಲ ಮಧ್ಯಾಹ್ನದ ಊಟವಾಗಿ ಒಂದೂವರೆ ಗಂಟೆಯೊಳಗೆ. ಉಳಿದ 5 ನಡೆಯುವಾಗ, ಹೆಚ್ಚಾಗಿ ತಿರುಗುವ ಜಾಗದಲ್ಲಿ. ಹದಿನಾಲ್ಕು ತಿಂಗಳಿಂದ ಒಂದೇ ಕಾಯಿಲೆ ಎಂದುಕೊಂಡದ್ದು ಕಾಗದದ ಮೇಲೆ ನಾಲ್ಕಾಗಿ ಒಡೆಯಿತು.

ಹಾಸಿಗೆಯ ಆ ಏಳು ಸಲವನ್ನು ಬಿಡಿಸಿ ನೋಡಬೇಕು. ಮಲಗಿದ್ದವರು ಏಳುವಾಗ ತಲೆ ಸುತ್ತಿದರೆ ಬಿ.ಪಿ. ಇಳಿದಿರಬಹುದು, ಒಳಗಿವಿಯ ತೊಂದರೆಯೂ ಇರಬಹುದು. ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಮಲಗುವಾಗ, ಮಲಗಿದ್ದಲ್ಲೇ ಹೊರಳುವಾಗ ಬಿ.ಪಿ. ಕುಸಿಯುವುದಿಲ್ಲ. ಅಲ್ಲಿ ಸುತ್ತು ಬಂದರೆ ಮೊದಲು ಕಿವಿಯನ್ನೇ ಅನುಮಾನಿಸಬೇಕು. ಈ ಒಂದು ವ್ಯತ್ಯಾಸ ಬರೆದಿಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ನಿಂತಾಗಿನ ಬಿ.ಪಿ.

ಹದಿನಾಲ್ಕು ತಿಂಗಳಲ್ಲಿ ಅವರ ಬಿ.ಪಿ. ಬಹಳ ಸಲ ನೋಡಲಾಗಿತ್ತು, ಪ್ರತಿ ಸಲವೂ ಕೂರಿಸಿ. ಕೂತಾಗ 140ರ ಆಸುಪಾಸು. ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ.

ಅಳೆಯುವ ಕ್ರಮ ಹೀಗೆ. ಬೆಳಗ್ಗೆ, ಮಾತ್ರೆಗೆ ಮುಂಚೆ, ಮೂತ್ರ ಮಾಡಿಸಿ, ಐದು ನಿಮಿಷ ಅಂಗಾತ ಮಲಗಿಸಿ ಒಮ್ಮೆ ಅಳೆಯಬೇಕು. ತೋಳಿನ ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, ಒಂದನೆಯ ನಿಮಿಷಕ್ಕೆ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯಬೇಕು. ನಾಡಿಯ ಸಂಖ್ಯೆಯನ್ನೂ ಬರೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಭಂಗಿಯಿಂದಾಗುವ ರಕ್ತದೊತ್ತಡದ ಕುಸಿತ. ಇಬ್ಬರು ಬೇಕು: ಒಬ್ಬರು ಹಿಡಿದುಕೊಳ್ಳಲು, ಒಬ್ಬರು ಯಂತ್ರ ನೋಡಲು. ಹಿಂದೆ ಕುರ್ಚಿ ಇರಲೇಬೇಕು. ನಿಂತಾಗ ತೋಳು ಕೆಳಗೆ ಜೋತುಬಿದ್ದಿದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಹೃದಯಕ್ಕಿಂತ ಹತ್ತು ಸೆಂ.ಮೀ. ಕೆಳಗಿದ್ದರೆ ಏಳೆಂಟು ಅಂಕಿಯ ವ್ಯತ್ಯಾಸ, ಅಂದರೆ ನಿಜವಾದ ಕುಸಿತ ಮುಚ್ಚಿಹೋಗುವಷ್ಟು. ಆದ್ದರಿಂದ ತೋಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿರಬೇಕು. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಮನೆಯ ಯಂತ್ರದ ಅಂಕಿಯನ್ನು ಪೂರ್ತಿ ನಂಬಬಾರದು. ಕುಸಿತ ದಿನದಿನಕ್ಕೆ ಬದಲಾಗುವುದರಿಂದ ಒಂದು ದಿನ ಸರಿಯಿದೆಯೆಂದು ಬಿಡದೆ ಮೂರು ದಿನ ನೋಡಬೇಕು.

ಇವರ ಅಂಕಿ: ಮಲಗಿದಾಗ 152/78, ನಾಡಿ 52. ನಿಂತ ಒಂದು ನಿಮಿಷಕ್ಕೆ 118/66. ಮೂರು ನಿಮಿಷಕ್ಕೆ 112/64, ನಾಡಿ 56. ನಲವತ್ತರ ಕುಸಿತಕ್ಕೆ ನಾಡಿ ಏರಿದ್ದು ನಾಲ್ಕೇ ನಾಲ್ಕು. ಸಾಮಾನ್ಯವಾಗಿ ಒತ್ತಡ ಇಳಿದ ಕೂಡಲೇ ಹೃದಯ ವೇಗ ಹೆಚ್ಚಿಸಿ ಸರಿದೂಗಿಸುತ್ತದೆ. ಹಾಗೆ ಹೆಚ್ಚಿಸದಿದ್ದರೆ ನರಗಳ ನಿಯಂತ್ರಣ ಕೆಟ್ಟಿದೆ ಎನ್ನಬಹುದು. ಲೂಯಿ ಬಾಡಿ ಡಿಮೆನ್ಷಿಯಾ (ಮರೆವಿನ ಇನ್ನೊಂದು ಕಾಯಿಲೆ), ಪಾರ್ಕಿನ್ಸನ್, ಹಳೆಯ ಸಕ್ಕರೆ ಕಾಯಿಲೆಗಳಲ್ಲಿ ಇದು ಸಾಮಾನ್ಯ. ಆದರೆ ಇಲ್ಲಿ ಮೆಟೊಪ್ರೊಲಾಲ್ ಮತ್ತು ಡೊನೆಪೆಝಿಲ್ ಎರಡೂ ನಾಡಿಯನ್ನು ಹಿಡಿದಿಟ್ಟಿದ್ದವು. ಅವನ್ನು ಸರಿಪಡಿಸುವ ತನಕ ನರದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಊಟಕ್ಕೆ ಮುಂಚೆ, ಆಮೇಲೆ ಅರ್ಧರ್ಧ ಗಂಟೆಗೊಮ್ಮೆ ಕೂರಿಸಿಯೇ ಅಳೆದಾಗ ಒಂದು ಗಂಟೆಯ ಹೊತ್ತಿಗೆ ಮೇಲಿನ ಅಂಕಿ 26 ಇಳಿದಿತ್ತು. ಊಟದ ನಂತರ ಎರಡು ಗಂಟೆಯೊಳಗೆ 20 ಇಳಿದರೆ ಅದೂ ಒಂದು ಗುರುತಿಸಿದ ತೊಂದರೆಯೇ. ರಕ್ತ ಕರುಳಿನ ಕಡೆ ಹರಿಯುತ್ತದೆ, ಮುಪ್ಪಿನ ದೇಹ ಅದನ್ನು ಸರಿದೂಗಿಸಲಾರದು. ಎರಡನೆಯ ಸಲ ಬಿದ್ದದ್ದರ ಕಾರಣ ಇಲ್ಲಿ ಸಿಕ್ಕಿತು.

ಬಲಗಿವಿ

ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ಅವು ಇದ್ದ ಜಾಗದಿಂದ ಕಳಚಿ ಅರ್ಧವೃತ್ತ ನಾಳದೊಳಗೆ ಬಿದ್ದರೆ, ತಲೆ ಒಂದು ದಿಕ್ಕಿಗೆ ತಿರುಗಿದಾಗಲೆಲ್ಲ ನಾಳದ ದ್ರವ ಕದಡಿ ಸುತ್ತು ಬರುತ್ತದೆ. ಮುದುಕರಲ್ಲಿ ಇದು ತುಂಬ ಸಾಮಾನ್ಯ. ಅವರು ಗಿರ್ರನೆ ತಿರುಗುತ್ತದೆ ಎನ್ನದೆ ಬರೀ ತೂರಾಟವನ್ನೇ ಹೇಳುವುದರಿಂದ ಕಣ್ತಪ್ಪಿ ಹೋಗುತ್ತದೆ. ಪತ್ತೆ ಮಾಡಲು 1952ರಿಂದ ಬಳಕೆಯಲ್ಲಿರುವ ಡಿಕ್ಸ್–ಹಾಲ್‌ಪೈಕ್ ಪರೀಕ್ಷೆ ಇದೆ: ತಲೆಯನ್ನು 45 ಡಿಗ್ರಿ ಒಂದು ಕಡೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಸ್ವಲ್ಪ ಕೆಳಗೆ ಬಾಗುವಂತೆ ಹಿಡಿದು ಕಣ್ಣು ನೋಡುವುದು. ಇವರಿಗೆ ಬಲಕ್ಕೆ ಮಾಡಿದಾಗ ನಾಲ್ಕು ಸೆಕೆಂಡ್ ಬಿಟ್ಟು ಕಣ್ಣುಗುಡ್ಡೆ ತಿರುಚಿಕೊಂಡು ಮೇಲಕ್ಕೆ ಎಗರತೊಡಗಿ, ಇಪ್ಪತ್ತು ಸೆಕೆಂಡಿನಲ್ಲಿ ನಿಂತಿತು. ಇದು ಹಿಂಭಾಗದ ನಾಳದ ಹರಳಿನ ಲಕ್ಷಣ. ನಿಲ್ಲದೆ ಒಂದು ನಿಮಿಷಕ್ಕೂ ಮೀರಿ ನಡೆದರೆ, ಅಥವಾ ನೇರ ಕೆಳಮುಖವಾಗಿ ಎಗರಿದರೆ ಮೆದುಳಿನ ಕಡೆ ನೋಡಬೇಕಾಗುತ್ತದೆ.

ಚಿಕಿತ್ಸೆ ಮಾತ್ರೆಯಲ್ಲ, ತಲೆ ತಿರುಗಿಸಿ ಹರಳನ್ನು ಅದರ ಜಾಗಕ್ಕೆ ಮರಳಿಸುವ ಎಪ್ಲೆ ವಿಧಾನ. ಬಲಗಿವಿಗಾದರೆ: ತಲೆ ಬಲಕ್ಕೆ 45 ಡಿಗ್ರಿ ತಿರುಗಿಸಿ ಹಿಂದಕ್ಕೆ ಮಲಗಿಸುವುದು; ತಲೆಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸುವುದು; ದೇಹವನ್ನೂ ಎಡಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡುವುದು; ಎಡಮಗ್ಗುಲಿನಿಂದಲೇ ಎಬ್ಬಿಸಿ ಕೂರಿಸುವುದು. ಪ್ರತಿ ಹಂತದಲ್ಲೂ ಕಣ್ಣಿನ ಓಟ ನಿಲ್ಲುವವರೆಗೆ, ಕನಿಷ್ಠ 30 ಸೆಕೆಂಡ್. ಮೊದಲ ಸಲ ಪರಿಣಿತರೇ ಮಾಡಬೇಕು. ಕುತ್ತಿಗೆಯ ಮೂಳೆ ತೀರಾ ಸವೆದವರಿಗೆ, ಕುತ್ತಿಗೆಯ ರಕ್ತನಾಳ ಕಟ್ಟಿರುವವರಿಗೆ ವಿಧಾನವನ್ನೇ ಬದಲಿಸಬೇಕಾಗುತ್ತದೆ.

ಮರೆವಿನವರಲ್ಲಿ ಇದು ಕೆಡುವುದು ಎರಡು ಕಡೆ. ಹಿಂದಕ್ಕೆ ಮಲಗಿಸಿದ ಕೂಡಲೇ ಬೀಳುತ್ತಿದ್ದೇನೆಂದು ಗಾಬರಿಯಾಗಿ ಹಿಡಿದವರನ್ನೇ ಬಿಗಿಯಾಗಿ ಹಿಡಿದು ಎದ್ದು ಕೂರುತ್ತಾರೆ. ಇಲ್ಲವೇ ಕಣ್ಣು ಗಟ್ಟಿಯಾಗಿ ಮುಚ್ಚಿಬಿಡುತ್ತಾರೆ. ಇಲ್ಲಿ ಕೆಲಸಕ್ಕೆ ಬಂದ ಉಪಾಯಗಳು ಸಣ್ಣವೇ. ಹಿಂದಿನ ದಿನ ಮನೆಯಲ್ಲಿ ಹೆಗಲಡಿ ದಿಂಬಿಟ್ಟು ಮಲಗುವುದನ್ನು ಎರಡು ಸಲ ಅಭ್ಯಾಸ ಮಾಡಿಸಿದ್ದು. ಪರೀಕ್ಷೆಗೆ ಎರಡು ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಿಸದಿದ್ದದ್ದು. ಮುಂದೇನಾಗುತ್ತದೆಂದು ವಿವರಿಸದೆ “ಅಪ್ಪಾ, ನನ್ನ ಮೂಗು ನೋಡಿ” ಎಂಬ ಒಂದೇ ಮಾತನ್ನು ಮಗಳು ಎದುರಿಗಿದ್ದು ಹೇಳುತ್ತಲೇ ಇದ್ದದ್ದು. ಇನ್ನೊಬ್ಬರು ರೆಪ್ಪೆ ಎತ್ತಿ ಹಿಡಿದು ಮೊಬೈಲಿನಲ್ಲಿ ಕಣ್ಣನ್ನು ಚಿತ್ರೀಕರಿಸಿದ್ದು. ತಲೆಯನ್ನು ಮಂಚದಂಚಿಗೆ ಜೋತು ಬಿಡಲಿಲ್ಲ, ಹೆಗಲಡಿಯ ದಿಂಬೇ ಬೇಕಾದಷ್ಟು ಬಾಗು ಕೊಟ್ಟಿತು. ಕೊನೆಗೆ ಎದ್ದು ಕೂರುವಾಗ ದೇಹ ಹಿಂದಕ್ಕೆ ದಬ್ಬಿದಂತಾಗುವುದುಂಟು, ಬೆನ್ನಿಗೊಬ್ಬರು ನಿಂತಿರಬೇಕು. ಒಂದು ವಾರದ ಅಂತರದಲ್ಲಿ ಎರಡು ಸಲ ಮಾಡಿದ ಮೇಲೆ ಹಾಸಿಗೆಯ ಸುತ್ತು ನಿಂತಿತು. ಆಮೇಲೆ ಎರಡು ರಾತ್ರಿ ಕೂತೇ ಮಲಗಬೇಕೆಂಬ ಹಳೆಯ ಸಲಹೆಯ ಅಗತ್ಯವಿಲ್ಲ. ಮರೆವಿನವರಿಗಂತೂ ಅದು ಶಿಕ್ಷೆ.

ಮಾತ್ರೆಯ ಮೇಲೊಂದು ಮಾತ್ರೆ

ರಕ್ತಪರೀಕ್ಷೆಯಲ್ಲಿ ಸೋಡಿಯಂ 131 (ಇರಬೇಕಾದದ್ದು 135ರಿಂದ 145), ಬಿ12 ಕಡಿಮೆ. ಹಿಮೋಗ್ಲೋಬಿನ್, ಥೈರಾಯ್ಡ್, ಕಿಡ್ನಿ ಸರಿಯಿದ್ದವು. ಇಸಿಜಿಯಲ್ಲಿ ನಾಡಿ ನಿಧಾನ, ಹೃದಯದ ವಿದ್ಯುತ್ ಹರಿವಿಗೆ ತಡೆಯೇನೂ ಇಲ್ಲ. ಸೋಡಿಯಂ ಇಳಿದದ್ದು ಹೈಡ್ರೋಕ್ಲೋರೋಥಯಝೈಡಿನಿಂದ, ಬಿ12 ಇಳಿದದ್ದು ವರ್ಷಗಟ್ಟಲೆಯ ಮೆಟ್‌ಫಾರ್ಮಿನ್‌ನಿಂದ ಎಂದು ಊಹಿಸಲು ಕಾರಣವಿತ್ತು. ಬಿ12 ಕೊರತೆ ಪಾದದ ನರಗಳನ್ನು ಮಂಕು ಮಾಡುತ್ತದೆ. 128 ಹರ್ಟ್ಝ್‌ನ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ) ಹಿಮ್ಮಡಿಗಂಟಿನ ಮೇಲಿಟ್ಟಾಗ ಅದರ ಕಂಪನ ಅವರಿಗೆ ತಿಳಿಯಲೇ ಇಲ್ಲ. ಕತ್ತಲೆಯಲ್ಲಿ ತೂರಾಟ ಹೆಚ್ಚಾಗುವುದೇಕೆಂದರೆ, ಪಾದ ಹೇಳದ ಸುದ್ದಿಯನ್ನು ಕಣ್ಣು ಹೇಳಬೇಕು, ಕತ್ತಲೆಯಲ್ಲಿ ಅದಕ್ಕೂ ಆಗುವುದಿಲ್ಲ.

ಆದರೆ ಈ ಪ್ರಕರಣದ ತಿರುಳು ಮಾತ್ರೆಯ ಡಬ್ಬಿಯಲ್ಲಿತ್ತು. ಡೊನೆಪೆಝಿಲ್ಲನ್ನು ರಾತ್ರಿ ಕೊಟ್ಟರೆ ಕೆಲವರಿಗೆ ನಿದ್ದೆಗೆಡುತ್ತದೆ, ಭಯಂಕರ ಕನಸು ಬೀಳುತ್ತದೆ. ಇವರಿಗೂ ಹಾಗಾಯಿತು, ಅದಕ್ಕೆ ಕ್ಲೊನಾಝೆಪಾಮ್ ಸೇರಿತು. ಕ್ಲೊನಾಝೆಪಾಮಿನಿಂದ ಬೆಳಗ್ಗೆ ತೂರಾಟ ಹೆಚ್ಚಿತು. ಅದಕ್ಕೆ ಸಿನ್ನರಿಝಿನ್ ಸೇರಿತು. ಸಿನ್ನರಿಝಿನ್ ತೂಕಡಿಕೆ ತರುತ್ತದೆ. ತಿಂಗಳುಗಟ್ಟಲೆ ಕೊಟ್ಟರೆ ಪಾರ್ಕಿನ್ಸನ್‌ನಂಥ ಬಿಗಿತ, ನಿಧಾನ ನಡಿಗೆ, ಕೈನಡುಕ ತರಬಲ್ಲದು. ಫ್ಲುನಾರಿಝಿನ್, ಪ್ರೊಕ್ಲೋರ್‌ಪೆರಝಿನ್ ಕೂಡ ಇದೇ ಸಾಲಿನವು. ಲೂಯಿ ಬಾಡಿ ಕಾಯಿಲೆ ಇದ್ದವರಿಗೆ ಪ್ರೊಕ್ಲೋರ್‌ಪೆರಝಿನ್ ನಿಜಕ್ಕೂ ಅಪಾಯ. ಮೆಕ್ಲಿಝಿನ್, ಪ್ರೊಮೆಥಝಿನ್ ಬೇರೆ ದಾರಿಯಲ್ಲಿ ಕೆಡಿಸುತ್ತವೆ: ಡೊನೆಪೆಝಿಲ್ ಮೆದುಳಿನಲ್ಲಿ ಹೆಚ್ಚಿಸಲು ಹೊರಟ, ನೆನಪಿಗೆ ಬೇಕಾದ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನ ಕೆಲಸವನ್ನೇ ಅವು ತಡೆಯುತ್ತವೆ. ಇಂಥ ತಲೆಸುತ್ತಿನ ಮಾತ್ರೆಗಳೆಲ್ಲ ಹೊಸದಾಗಿ ಬಂದ ತೀವ್ರ ಸುತ್ತಿಗೆ ಕೆಲವು ದಿನ ಕೊಡಲು ಇರುವಂಥವು. ಎಂಟು ತಿಂಗಳು ನುಂಗಿಸಿದರೆ, ಸಮತೋಲವನ್ನು ಹೊಸದಾಗಿ ಕಲಿಯಬೇಕಾದ ಮೆದುಳನ್ನು ಅವೇ ಮಲಗಿಸಿಬಿಡುತ್ತವೆ. ಮರೆವಿನ ಕಾಯಿಲೆಯ ಹಿರಿಯರ ಚೀಟಿಯಲ್ಲಿ ಇಂಥ ಮಾತ್ರೆ ಕಂಡರೆ “ಇದನ್ನು ಎಂದು ನಿಲ್ಲಿಸುವುದು?” ಎಂದು ಅಂದೇ ಕೇಳಬೇಕು.

ಬದಲಾವಣೆಗಳು ವೈದ್ಯರ ಮೇಲ್ವಿಚಾರಣೆಯಲ್ಲಿ, ಎರಡು ವಾರಕ್ಕೊಂದರಂತೆ ನಡೆದವು. ಮೊದಲು ಹೈಡ್ರೋಕ್ಲೋರೋಥಯಝೈಡ್ ನಿಂತು ಟೆಲ್ಮಿಸಾರ್ಟನ್ ಮಾತ್ರ ಉಳಿಯಿತು. ನಂತರ ಸಿನ್ನರಿಝಿನ್ ಇಳಿಸಿ ನಿಲ್ಲಿಸಲಾಯಿತು. ಡೊನೆಪೆಝಿಲ್ ಬೆಳಗ್ಗೆಗೆ ಬಂತು. ಹೃದಯಾಘಾತ, ಎದೆನೋವು, ನಾಡಿಯ ಏರುಪೇರು ಇವ್ಯಾವುದರ ಇತಿಹಾಸವೂ ಇಲ್ಲದೆ ಬರೀ ಬಿ.ಪಿ.ಗೆಂದು ಕೊಟ್ಟಿದ್ದ ಮೆಟೊಪ್ರೊಲಾಲನ್ನು 25ಕ್ಕೆ ಇಳಿಸಿ, ಆಮೇಲೆ ಬಿಡಲಾಯಿತು; ಒಮ್ಮೆಲೇ ನಿಲ್ಲಿಸಿದರೆ ಹೃದಯದ ಬಡಿತವೂ ಒತ್ತಡವೂ ಪುಟಿಯುತ್ತವೆ. ಕ್ಲೊನಾಝೆಪಾಮ್ ಕೊನೆಗೆ, ಅತಿ ನಿಧಾನವಾಗಿ: 0.25, ಆಮೇಲೆ ಅದರರ್ಧ, ನಂತರ ಇಲ್ಲ. ಜೊತೆಗೆ ಬಿ12 ಇಂಜೆಕ್ಷನ್. ನಾಡಿ ನಿಧಾನವಿರುವವರ ಕಣ್ಣಿನ ಹನಿಗಳನ್ನೂ ನೋಡಬೇಕು. ಗ್ಲಾಕೋಮಾಕ್ಕೆ ಹಾಕುವ ಟಿಮೋಲಾಲ್ ಕಣ್ಣಿನಿಂದಲೇ ರಕ್ತಕ್ಕೆ ಸೇರಿ ಹೃದಯವನ್ನು ನಿಧಾನಗೊಳಿಸಬಲ್ಲದು. ಮಾತ್ರೆಯ ಪಟ್ಟಿ ಕೇಳಿದಾಗ ಅದನ್ನು ಯಾರೂ ಹೇಳುವುದಿಲ್ಲ. ಇವರಿಗೆ ಅದಿರಲಿಲ್ಲ.

ಎಡವಿದ್ದು

ಮೂರನೆಯ ವಾರ, ಮಾತ್ರೆ ಬಿಟ್ಟಷ್ಟೂ ಒಳ್ಳೆಯದಾಗುತ್ತಿದೆ ಎಂಬ ಹುರುಪಿನಲ್ಲಿ ಅಳಿಯ ಟ್ಯಾಮ್ಸುಲೋಸಿನ್ನನ್ನು ತಾವೇ ನಿಲ್ಲಿಸಿದರು. ಅದರ ಕಾಗದದಲ್ಲೂ ತಲೆಸುತ್ತು ಬರಬಹುದು ಎಂದು ಬರೆದಿತ್ತು, ಅವರ ಯೋಚನೆಯಲ್ಲಿ ತರ್ಕವಿಲ್ಲದಿಲ್ಲ. ಮೂರನೆಯ ದಿನ ತಂದೆ ಇಡೀ ರಾತ್ರಿ ಹೊರಳಾಡಿದರು, ಬಟ್ಟೆ ಕಿತ್ತರು, ಕೈಯೆಲ್ಲ ಕೆಳಹೊಟ್ಟೆಯ ಮೇಲೆ. ಮನೆಯವರು ಮರೆವು ಉಲ್ಬಣಿಸಿತೆಂದು ತಿಳಿದರು. ಮೂತ್ರಕೋಶದಲ್ಲಿ 700 ಮಿ.ಲೀ. ಕಟ್ಟಿಕೊಂಡಿತ್ತು. ಕೊಳವೆ ಹಾಕಿದ ಅರ್ಧ ಗಂಟೆಗೆ ಶಾಂತರಾದರು. ಮೂತ್ರ ಕಟ್ಟಿದೆ ಎಂದು ಹೇಳಲಾರದವರು ಅದನ್ನು ಸಿಟ್ಟಿನಲ್ಲಿ ಹೇಳುತ್ತಾರೆ. ಮಲಬದ್ಧತೆ, ಹಲ್ಲುನೋವು ಕೂಡ ಹೀಗೇ ಕಾಣುತ್ತವೆ. ಟ್ಯಾಮ್ಸುಲೋಸಿನ್ ಮರಳಿ ಬಂತು, ಊಟವಾಗಿ ಅರ್ಧ ಗಂಟೆಗೆ. ಅದರ ನಂತರ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿತು: ಯಾವ ಮಾತ್ರೆ, ಯಾಕೆ, ಕಳೆದ ಬದಲಾವಣೆ ಯಾವ ದಿನ.

ಏಳುವುದನ್ನು ಕಲಿಸುವುದು

“ತಟ್ಟನೆ ಏಳಬೇಡಿ” ಎಂದು ಹೇಳಿ ಪ್ರಯೋಜನವಿಲ್ಲ. ಏಳುವ ಹೊತ್ತಿಗೆ ಆ ಮಾತು ನೆನಪಿರುವುದಿಲ್ಲ. ಏಳುವಾಗಲೇ ಹೇಳಿದರೂ “ಬೇಡಿ” ಜಾರಿ “ಏಳು” ಮಾತ್ರ ತಲೆಗೆ ಹೋಗುತ್ತದೆ. ಆದರೆ ಕೈಕಾಲಿನ ರೂಢಿ ಮರೆವಿನಲ್ಲೂ ಬಹುಕಾಲ ಉಳಿಯುತ್ತದೆ. ಅದೇ ಮಾತು, ಅದೇ ಕ್ರಮ, ಪ್ರತಿ ಸಲ, ಮನೆಯಲ್ಲಿ ಎಲ್ಲರ ಬಾಯಲ್ಲೂ.

ಹಾಸಿಗೆಯಲ್ಲಿ ತಲೆದಿಂಬು ಎತ್ತರಿಸಿ, ಆತುಕೊಂಡು ಕೂರಿಸಿ 300 ಮಿ.ಲೀ. ನೀರು. ಸುಮಾರು ಅರ್ಧ ಲೀಟರ್ ನೀರನ್ನು ಒಟ್ಟಿಗೆ ಕುಡಿದರೆ ನಿಂತಾಗಿನ ಒತ್ತಡ ಐದು–ಹತ್ತು ನಿಮಿಷದಲ್ಲಿ ಏರತೊಡಗಿ ಅರ್ಧ ಗಂಟೆಯ ಸುಮಾರಿಗೆ ತುದಿ ಮುಟ್ಟುತ್ತದೆ. ಇವರಿಗೆ 300ಕ್ಕಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಹೃದಯ ಅಥವಾ ಕಿಡ್ನಿ ಸೋತವರಿಗೆ, ನೀರು ಗಂಟಲಿಗೆ ಸಿಕ್ಕಿ ಕೆಮ್ಮು ಬರುವವರಿಗೆ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಆಮೇಲೆ “ಅಪ್ಪಾ, ಪಾದ ಮೇಲೆ, ಕೆಳಗೆ”: ಇಪ್ಪತ್ತು ಸಲ. ಮಂಚದಂಚಿಗೆ ಕೂತು ಪಾದ ನೆಲಕ್ಕೂರಿ ಎರಡು ನಿಮಿಷ. “ಮೊಣಕಾಲು ಎತ್ತಿ”: ಕೂತಲ್ಲೇ ಇಪ್ಪತ್ತು ಹೆಜ್ಜೆ. “ಮುಂದೆ ಬಗ್ಗಿ, ಎದ್ದೇಳಿ.” ನಿಂತ ಮೇಲೆ ಹಿಡಿಕೆ ಹಿಡಿದು ಮೂವತ್ತರವರೆಗೆ ಗಟ್ಟಿಯಾಗಿ ಎಣಿಕೆ; ಎಣಿಸುವುದು ಅವರಿಗೆ ಇಷ್ಟದ ಕೆಲಸವಾಗಿತ್ತು. ಎಣಿಕೆ ಮುಗಿದ ಮೇಲೆಯೇ ಹೆಜ್ಜೆ. ಮೂರು ವಾರವಾದ ಮೇಲೆ ಮಗಳು ಹೇಳುವ ಮುಂಚೆಯೇ ಪಾದ ಆಡಿಸತೊಡಗಿದರು. ಕಾಲು ಹೆಣೆದು ನಿಲ್ಲುವ ಉಪಾಯ ಕಿರಿಯರಿಗೆ ಹೊಂದುತ್ತದೆ, ಸಮತೋಲವಿಲ್ಲದವರಿಗೆ ಖಂಡಿತ ಬೇಡ.

ಬಿಗಿ ಕಾಲುಚೀಲ ಎರಡೇ ದಿನಕ್ಕೆ ಮೂಲೆಗೆ ಬಿತ್ತು. ಹಾಕಲು ಇಪ್ಪತ್ತು ನಿಮಿಷ, ಕೀಳಲು ಅವರಿಗೆ ಒಂದು ನಿಮಿಷ. ಬದಲಿಗೆ ಒಳ ಅಂಗಿಯ ಮೇಲೆ ಕಟ್ಟುವ ಹೊಟ್ಟೆಪಟ್ಟಿಯನ್ನು ಒಪ್ಪಿದರು. ನಿಂತಾಗ ರಕ್ತ ಹೆಚ್ಚಾಗಿ ತಂಗುವುದು ಹೊಟ್ಟೆಯಲ್ಲಿ, ಹಾಗಾಗಿ ಅದರಿಂದ ನಿಜವಾದ ಉಪಯೋಗವಿದೆ. ಏಳುವ ಮುಂಚೆ ಕಟ್ಟಿ, ಮಲಗುವ ಮುಂಚೆ ಬಿಚ್ಚಬೇಕು. ಮಂಚದ ತಲೆಯ ಕಡೆಯ ಕಾಲುಗಳಡಿ 15 ಸೆಂ.ಮೀ.ನ ಗಟ್ಟಿ ದಿಮ್ಮಿ ಇಟ್ಟದ್ದರಿಂದ ರಾತ್ರಿಯ ಒತ್ತಡವೂ ತುಸು ಇಳಿಯಿತು, ರಾತ್ರಿ ಮೂತ್ರಕ್ಕೇಳುವುದೂ ಕಡಿಮೆಯಾಯಿತು. ಬರೀ ದಿಂಬು ಪೇರಿಸಿದರೆ ಸಾಲದು. ಇಡೀ ಮಂಚ ಓರೆಯಾಗಬೇಕು.

ಊಟವನ್ನು ಮೂರರಿಂದ ಐದು ಸಣ್ಣ ಹೊತ್ತುಗಳಿಗೆ ಹಂಚಲಾಯಿತು. ಪಿಷ್ಟದ ಪಾಲು ಕಡಿಮೆ, ಊಟಕ್ಕೆ ಮುಂಚೆ ಒಂದು ಲೋಟ ನೀರು, ಊಟದ ನಂತರ ಒಂದು ಗಂಟೆ ಒರಗುಕುರ್ಚಿ. “ನೀರು ಬೇಕಾ?” ಎಂದರೆ ಉತ್ತರ ಯಾವಾಗಲೂ “ಬೇಡ”. ಮುಪ್ಪಿನಲ್ಲಿ ಬಾಯಾರಿಕೆಯೇ ಮಂಕಾಗುತ್ತದೆ. ಕೇಳದೆ ಲೋಟವನ್ನು ಕೈಗಿಟ್ಟು ಜೊತೆಗೆ ತಾವೂ ಕುಡಿದರೆ ಅವರೂ ಕುಡಿಯುತ್ತಾರೆ. 200 ಮಿ.ಲೀ.ನ ಏಳು ಲೋಟ, ಸಂಜೆ ಆರರೊಳಗೆ ಮುಗಿಯುವಂತೆ.

ಮನೆಯೊಳಗಿನ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಫಲ ಕೊಟ್ಟದ್ದು ಮಂಚದ ಪಕ್ಕ ಇಟ್ಟ ಕಮೋಡ್ ಕುರ್ಚಿ ಮತ್ತು ಕಾಲಿಟ್ಟೊಡನೆ ಹೊತ್ತಿಕೊಳ್ಳುವ ದೀಪ. ಮೂತ್ರ ಕೂತೇ ಮಾಡಬೇಕು. ನಿಂತು ಮಾಡುವಾಗ ಒತ್ತಡ ಇಳಿದು ಬೀಳುವುದು ಗಂಡಸರಲ್ಲಿ ಸಾಮಾನ್ಯ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಕೂತು. ಬಾಗಿಲ ಬಳಿಯ ಕಪ್ಪು ಕಾಲೊರಸು ಅವರ ಕಣ್ಣಿಗೆ ಗುಂಡಿಯಾಗಿ ಕಾಣುತ್ತಿತ್ತು. ಅದನ್ನು ದಾಟಲು ಕಾಲೆತ್ತಿ ಹಾರುತ್ತಿದ್ದರು. ತೆಗೆದ ಮೇಲೆ ಆ ಜಾಗದ ತೂರಾಟ ನಿಂತಿತು. ಹಿಮ್ಮಡಿ ಮುಚ್ಚುವ, ತೆಳು ಗಟ್ಟಿ ಅಡಿಯ ಪಾದರಕ್ಷೆ ಬಂತು. ನಡೆಯುವಾಗ ಅವರೊಡನೆ ಮಾತಾಡಬಾರದೆಂಬ ನಿಯಮವೂ ಆಯಿತು, ಏಕೆಂದರೆ ಮಾತು ಮತ್ತು ನಡಿಗೆ ಎರಡಕ್ಕೂ ಒಟ್ಟಿಗೆ ಗಮನ ಕೊಡಲು ಈ ಮೆದುಳಿಗಾಗದು. ಮಂಚಕ್ಕೆ ಪೂರ್ತಿ ಉದ್ದದ ತಡೆಗಂಬಿ ಹಾಕಬೇಕೆಂಬ ಆಲೋಚನೆಯನ್ನು ಕೈಬಿಡಲಾಯಿತು: ಮರೆವಿನವರು ಅದನ್ನು ಹತ್ತಿ ದಾಟುತ್ತಾರೆ, ಇನ್ನೂ ಎತ್ತರದಿಂದ ಬೀಳುತ್ತಾರೆ.

ಬಿದ್ದರೆ

ಐದನೆಯ ವಾರ ಇನ್ನೊಮ್ಮೆ ಬಿದ್ದರು, ಮೆತ್ತಗೆ. ತೋಳು ಹಿಡಿದು ಎಳೆದು ಎಬ್ಬಿಸಲಿಲ್ಲ. ಮೊದಲು ಎರಡು ನಿಮಿಷ ಹಾಗೇ ಬಿಟ್ಟು ತಲೆ, ಕುತ್ತಿಗೆ, ಸೊಂಟ ನೋಡಿದರು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ ಎಂದೇ ತಿಳಿದು ಅಲುಗಿಸಬಾರದು. ಮಗ್ಗುಲಾಗಿಸಿ, ಮಂಡಿ-ಅಂಗೈ ಊರಿಸಿ, ಎದುರಿಗೆ ಕುರ್ಚಿಯಿಟ್ಟು, ಒಂದು ಕಾಲೂರಿ ಅವರೇ ಏಳುವಂತೆ ಮಾಡಿದರು, ಇನ್ನೊಂದು ಕುರ್ಚಿ ಹಿಂದಿನಿಂದ ಬಂತು. ಆಮೇಲೆ ಮಲಗಿಸಿ ಬಿ.ಪಿ. ಮತ್ತು ಸಕ್ಕರೆ ನೋಡಿದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಕಂಡರೂ ಅಂದೇ ಆಸ್ಪತ್ರೆ. ಮೆದುಳಿನ ಹೊದಿಕೆಯಡಿ ನಿಧಾನವಾಗಿ ಒಸರುವ ರಕ್ತ ವಾರಗಳ ನಂತರ ತೂಕಡಿಕೆಯಾಗಿ, ಹೆಚ್ಚಿದ ಮರೆವಾಗಿ ಕಾಣಿಸಿಕೊಳ್ಳಬಹುದು.

ದಿನಚರಿ ಬರೆಯುತ್ತ ಕೂರದೆ ತಕ್ಷಣ ಹೊರಡಬೇಕಾದ ಸಂದರ್ಭಗಳೂ ಮಗಳ ಚೀಟಿಯಲ್ಲಿದ್ದವು: ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬಿದ್ದುಹೋಗುವುದು, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಆಸರೆಯಿಲ್ಲದೆ ಕೂರಲೂ ಆಗದಿರುವುದು, ಹಠಾತ್ ಭಯಂಕರ ತಲೆನೋವು, ಪ್ರಜ್ಞೆ ತಪ್ಪುವುದು, ಎದೆನೋವು, ನಾಡಿ 40ಕ್ಕಿಂತ ಕೆಳಗೆ, ಡಾಂಬರಿನಂಥ ಕಪ್ಪು ಮಲ, ಒಂದೆರಡು ದಿನದಲ್ಲೇ ಗೊಂದಲ ವಿಪರೀತವಾಗುವುದು.

ನಾಲ್ಕು ತಿಂಗಳ ನಂತರ

ಮಲಗಿದಾಗ 148/80, ನಾಡಿ 64; ನಿಂತ ಮೂರು ನಿಮಿಷಕ್ಕೆ 130/74, ನಾಡಿ 73. ಕುಸಿತ 40ರಿಂದ 18ಕ್ಕೆ ಬಂತು, ನಾಡಿಯೂ ಈಗ ಸ್ಪಂದಿಸುತ್ತಿದೆ. ಸೋಡಿಯಂ 137. ಮಲಗಿದಾಗಿನ 148 ಕೆಲವರಿಗೆ ಹೆಚ್ಚೆನಿಸಬಹುದು. ಆ ಅಂಕಿಯನ್ನು ಇನ್ನೂ ಇಳಿಸಲು ಹೋಗಿ ನಿಂತಾಗ ಬೀಳಿಸುವುದಕ್ಕಿಂತ ಈ ವಯಸ್ಸಿನಲ್ಲಿ ಇದೇ ಲೇಸೆಂದು ವೈದ್ಯರೂ ಮನೆಯವರೂ ಕೂತು ನಿರ್ಧರಿಸಿದರು. ಹನ್ನೆರಡು ದಿನಕ್ಕೆ 31 ಇದ್ದದ್ದು 8ಕ್ಕೆ ಇಳಿಯಿತು. ಉಳಿದವು ಹೆಚ್ಚಾಗಿ ನಡಿಗೆಯ ತೂರಾಟ. ಪಾದದ ನರ ಪೂರ್ತಿ ಮರಳಲಾರದು, ಮೆದುಳಿನ ಕಾಯಿಲೆಯೂ ನಿಲ್ಲುವಂಥದ್ದಲ್ಲ. ಅಷ್ಟಕ್ಕೆ ಇರುವ ಉಪಾಯ ದಿನಕ್ಕೆರಡು ಸಲ ಹತ್ತು ನಿಮಿಷ: ಅಡುಗೆಕಟ್ಟೆ ಹಿಡಿದು ಪಕ್ಕಕ್ಕೆ ಹೆಜ್ಜೆ, ಕುರ್ಚಿಯಿಂದ ಎದ್ದು ಕೂರುವುದು ಎಂಟೆಂಟು ಸಲ. ಸಿನ್ನರಿಝಿನ್ ಬಿಟ್ಟ ಎರಡು ತಿಂಗಳಿಗೆ ನಡಿಗೆಯ ಬಿಗಿತ ಸಡಿಲಿತು. ಹಗಲು ತೂಕಡಿಸುವುದು ಬಹುತೇಕ ನಿಂತು, ಮಧ್ಯಾಹ್ನ ಮಗಳೊಡನೆ ಬಟ್ಟೆ ಮಡಿಸಲು ಕೂರುತ್ತಾರೆ.

ಆರನೆಯ ತಿಂಗಳಲ್ಲಿ ಒಂದು ರಾತ್ರಿ ಬಲಕ್ಕೆ ಹೊರಳಿದಾಗ ಮತ್ತೆ ಮಂಚದಂಚನ್ನು ಗಟ್ಟಿಯಾಗಿ ಹಿಡಿದರು. ಕಿವಿಯ ಹರಳು ಮರುಕಳಿಸುವುದು ಸಾಮಾನ್ಯ. ಮಗಳು ಗಂಟೆ ನೋಡಿ ಬರೆದುಕೊಂಡರು: 4.40, ಬಲಕ್ಕೆ ಹೊರಳಿದ್ದು, 15 ಸೆಕೆಂಡ್, ಮುಖ ಬಿಳಿಚಿಲ್ಲ. ಆ ಒಂದು ಸಾಲು ನೋಡಿಯೇ ವೈದ್ಯರು ಹೊಸ ಮಾತ್ರೆ ಬರೆಯದೆ ನೇರ ಎಪ್ಲೆ ವಿಧಾನಕ್ಕೆ ಕರೆದರು. ಈ ಸಲ ಒಂದೇ ಸಲಕ್ಕೆ ನಿಂತಿತು.